ಬಳ್ಳಾರಿಯಿಂದ ನಿಟ್ಟೂರಿಗೆ: ಸೈಕಲ್ ಮೇಲೆ ಅಶೋಕನ ದಾರಿ

ಬಳ್ಳಾರಿ ಜಾಲಿಯ ಹೆಸರು ಕೇಳದ ರೈತ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಅದರ ಮುಳ್ಳು ಎಂಥದ್ದು ಎಂದು ತಿಳಿಯಬೇಕಾದರೆ ಬಳ್ಳಾರಿಯ ಹಳ್ಳಿ ದಾರಿಯಲ್ಲೇ ಸೈಕಲ್ ತುಳಿಯಬೇಕು. ಜನವರಿಯ ಮೂರು ದಿನಗಳಲ್ಲಿ ನನ್ನದೂ ಗೆಳೆಯನದೂ ಸೇರಿ ಐದು ಪಂಕ್ಚರ್ ಆದವು. ಐದು ಸಲವೂ ನಿಂತ ಕಡೆ ಕತ್ತೆತ್ತಿದರೆ ಎದುರಿಗೆ ಗುಂಡುಗಲ್ಲಿನ ಒಂದು ಗುಡ್ಡ.

ಸೈಕಲ್ ಯಾತ್ರೆ ಎಂದರೆ ಈಗಿನ ಹುಡುಗರ ಬಾಯಲ್ಲಿ ಬರುವುದು ಲಡಾಖ್, ಭೂತಾನ್. ಭೂತಾನಿನಲ್ಲಿ ಬುಮ್ತಾಂಗ್‌ನಿಂದ ಥಿಂಪುವರೆಗೆ 268 ಕಿ.ಮೀ. ಬೆಟ್ಟದ ದಾರಿಯನ್ನು ಒಂದೇ ದಿನದಲ್ಲಿ ತುಳಿದು ಮುಗಿಸುವ ಪಂದ್ಯವೇ ಇದೆ. ಹೋಗಿ ಬರಲಿ, ಅದೂ ನೋಡಬೇಕಾದ ನಾಡೇ. ಆದರೆ ಬುದ್ಧನಿಗೆ ಶರಣಾದ ದೊರೆಯೊಬ್ಬ ಬಂಡೆಗೆ ಕೊರೆಸಿದ ಮಾತನ್ನು ಕಣ್ಣಾರೆ ಕಾಣಲು ಹಿಮಾಲಯ ಏರಬೇಕಿಲ್ಲ. ಭೂತಾನಿಗೆ ಬೌದ್ಧಧರ್ಮ ಬಂದದ್ದು ಏಳನೆಯ ಶತಮಾನದ ಹೊತ್ತಿಗೆ ಎನ್ನುತ್ತಾರೆ. ಅದಕ್ಕೆ ಒಂಬೈನೂರು ವರ್ಷ ಮೊದಲೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಯ ಮೇಲೆ ಅಶೋಕ ತಾನು ಉಪಾಸಕನಾದ ಸಂಗತಿಯನ್ನು ಹೇಳಿಕೊಂಡಿದ್ದ. ನಾವು ಹೊರಟದ್ದು ಅಲ್ಲಿಗೆ.

ಹೊರಡುವ ಮುಂಚಿನ ಸಂಜೆ ಬಳ್ಳಾರಿ ಕೋಟೆ ಗುಡ್ಡ ಹತ್ತಿದೆವು. ಮೇಲುಕೋಟೆಯನ್ನು ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ ಎಂಬುದು ಕಟ್ಟಿ ಮುಗಿದ ಮೇಲೆ ಗೊತ್ತಾಗಿ, ಹೈದರಾಲಿ ಅವನನ್ನು ಗಲ್ಲಿಗೇರಿಸಿದನಂತೆ. ಮೇಲಿಂದ ನೋಡಿದರೆ ಬಯಲಿನ ತುಂಬ ಗುಡ್ಡಗಳು, ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿಡಿಬಿಡಿಯಾಗಿ ನಿಂತಿವೆ. ಇಲ್ಲಿ ಬೆಟ್ಟಸಾಲನ್ನು ಏರಿ ಇಳಿಯುವ ಕೆಲಸವಿಲ್ಲ. ಒಂದು ಗುಡ್ಡದ ಬುಡದಿಂದ ಇನ್ನೊಂದರ ಬುಡಕ್ಕೆ ಎರೆಹೊಲದ ನಡುವೆ ಹೋಗುತ್ತಿರಬೇಕು.

ಮೊದಲ ದಿನ ಬೆಳಗ್ಗೆ ಒಗ್ಗರಣೆ, ಮಿರ್ಚಿ ತಿಂದು ಸಂಗನಕಲ್ಲಿಗೆ ಹೋದೆವು. ಪೇಟೆಯಿಂದ ಹತ್ತು ಕಿ.ಮೀ. ಒಳಗೇ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಇಲ್ಲಿ ಕಲ್ಲಿನ ಕೊಡಲಿಗಳನ್ನು ಗುರುತಿಸಿದ. ನವಶಿಲಾಯುಗದ ಜನ ಹಿರೇಗುಡ್ಡದ ಕರಿಕಲ್ಲನ್ನು ಒಡೆದು, ಉಜ್ಜಿ, ಕೊಡಲಿ ಮಾಡುತ್ತಿದ್ದ ದೊಡ್ಡ ಕಮ್ಮಟವೇ ಇದು. ಅದೇ ಗುಡ್ಡದ ಕಲ್ಲುಗಳ ಮೇಲೆ ಡುಬ್ಬದ ಎತ್ತುಗಳ, ಮನುಷ್ಯರ ಗೀರುಚಿತ್ರಗಳಿವೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳು. ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಇದನ್ನು ಕೇಳಿಸಿಕೊಳ್ಳಲೆಂದೇ ಗುಡ್ಡ ಹತ್ತುತ್ತಿದ್ದರೇನೋ. ಗಣಿಗಾರಿಕೆ ಈ ಗುಡ್ಡವನ್ನೂ ಬಿಡಲಿಲ್ಲ ಎಂಬುದು ನನಗೆ ನುಂಗಲಾರದ ತುತ್ತು. ಜಲ್ಲಿಗೆ ಬೇರೆ ಕಲ್ಲು ಸಿಗುತ್ತದೆ. ನಾದ ಹೊರಡಿಸುವ ಕಲ್ಲನ್ನು ಇನ್ನೊಂದು ಕಡೆಯಿಂದ ತರಲು ಆಗುವುದಿಲ್ಲ.

ಪೇಟೆಗೆ ಮರಳಿ, ಮಧ್ಯಾಹ್ನದ ಮೇಲೆ ಕುರುಗೋಡಿನ ದಾರಿ ಹಿಡಿದೆವು. ಸುಮಾರು 28 ಕಿ.ಮೀ. ಬಿಸಿಲಿಗೆ ಜನವರಿ ಎಂಬುದು ಗೊತ್ತಿದ್ದಂತೆ ಕಾಣಲಿಲ್ಲ. ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ನಡೆದಿತ್ತು. ಮೂಗಿಗೆ ಘಾಟು ಬಡಿಯುತ್ತಿದ್ದ ಒಂದು ತಿರುವಿನಲ್ಲಿ ಎರಡನೆಯ ಪಂಕ್ಚರ್. ಕೆಲಸ ಬಿಟ್ಟು ಬದುವಿಗೆ ಬಂದ ಅಜ್ಜಿಯೊಬ್ಬರು ಕೊಡ ಬಗ್ಗಿಸಿದರು: “ಬೊಗಸಿ ಹಿಡೀರಪಾ, ನೀರು ಕುಡೀರಿ. ಬಿಸಿಲು ಭಾಳ ಐತಿ.” ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಗಳು ಬಂದದ್ದು ನಾವು ನೀರು ಕುಡಿದ ಮೇಲೆಯೇ.

ಕುರುಗೋಡು ಈಗ ತಾಲ್ಲೂಕು ಕೇಂದ್ರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದವರು ಇಲ್ಲಿಂದ ಆಳಿದರು; ಹಳೆಯ ಗುಡಿಗಳು ಬೆಟ್ಟದ ಬುಡದಲ್ಲಿ ಇನ್ನೂ ಇವೆ. ಊರಿನ ಜೀವ ಮಾತ್ರ ದೊಡ್ಡಬಸವೇಶ್ವರ. ಸಾಮಾನ್ಯವಾಗಿ ಬಸವ ಲಿಂಗದ ಎದುರು ಕೂತಿರುತ್ತಾನೆ. ಇಲ್ಲಿ ಬಸವನೇ ದೇವರು, ಸುಮಾರು 12 ಅಡಿ ಎತ್ತರದ ಏಕಶಿಲೆ. ಅವನ ಮುಂದೆ ನಿಂತಾಗ ಬೆಳಗ್ಗೆ ಸಂಗನಕಲ್ಲಿನಲ್ಲಿ ಕಂಡ ಗೀರುಚಿತ್ರದ ಎತ್ತು ನೆನಪಾಯಿತು. ಎರಡರ ನಡುವೆ ಮೂರು ಸಾವಿರಕ್ಕೂ ಹೆಚ್ಚು ವರ್ಷ. ಎರಡೂ ಎತ್ತನ್ನೇ ನಂಬಿ ಬದುಕಿದ ನೆಲದವು. ಆ ರಾತ್ರಿ ಉಳಿದದ್ದು ಅದೇ ಊರಿನಲ್ಲಿ.

ಎರಡನೆಯ ದಿನ ತೆಕ್ಕಲಕೋಟೆ ದಾಟಿ ಸಿರುಗುಪ್ಪ. ತೆಕ್ಕಲಕೋಟೆಯ ಗುಡ್ಡಗಳಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ 1963-64ರಲ್ಲಿ ಉತ್ಖನನ ನಡೆಸಿ, ನವಶಿಲಾಯುಗದ ಜನರ ದುಂಡು ಗುಡಿಸಲುಗಳ ಕುರುಹು ಕಂಡರು. ಇಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಕಾಲುವೆ ನೀರು, ಭತ್ತದ ಸಸಿ, ಕೆಸರಲ್ಲಿ ಸಾಲಾಗಿ ಬಾಗಿದ ಬೆನ್ನುಗಳು. ಒಣ ಎರೆಯ ಕಡೆ ಮಾತ್ರ ಇನ್ನೂ ಹಳೆಯ ಬಯಲಿದೆ. ಅಳಿವಿನ ಅಂಚಿನ ಎರೆಭೂತ ಹಕ್ಕಿ ಕರ್ನಾಟಕದಲ್ಲಿ ಕೊನೆಗೆ ನೆಲೆ ಉಳಿಸಿಕೊಂಡದ್ದು ಸಿರುಗುಪ್ಪದ ಈ ಬಯಲಿನಲ್ಲಿ. ನಮಗೆ ಅದು ಕಾಣಿಸಲಿಲ್ಲ. ಹುಡುಕುತ್ತ ಹೊಲಕ್ಕೆ ಇಳಿಯಲೂ ಇಲ್ಲ, ಅದನ್ನು ಅದರ ಪಾಡಿಗೆ ಬಿಡುವುದೇ ಸರಿ.

ಸಿರುಗುಪ್ಪಕ್ಕೆ ನೀರು ತಂದದ್ದು 1953ರ ತುಂಗಭದ್ರಾ ಅಣೆಕಟ್ಟು ಮಾತ್ರ ಎಂದುಕೊಂಡವರು ಹತ್ತಿರದ ಕೆಂಚನಗುಡ್ಡಕ್ಕೆ ಹೋಗಬೇಕು. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ನದಿಯ ಬಂಡೆಗಳನ್ನೇ ಆಸರೆ ಮಾಡಿಕೊಂಡು ಕಲ್ಲಿನ ಒಡ್ಡು ಹಾಕಿ ನೀರು ತಿರುಗಿಸಿದವರ ಬುದ್ಧಿ ಅದು. ಸಂಜೆ ಹೊತ್ತು ಅಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿದು ಬರುವ ಸದ್ದು ಕೇಳುತ್ತ, ಮಾಧ್ವ ಯತಿ ವಸುಧೇಂದ್ರತೀರ್ಥರ ವೃಂದಾವನದ ಹತ್ತಿರ ಬಹಳ ಹೊತ್ತು ಕೂತಿದ್ದೆವು.

ಮೂರನೆಯ ದಿನ ಉಡೇಗೋಳ, ನಿಟ್ಟೂರು. ಎರಡೂ ಊರುಗಳ ಶಾಸನ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಗೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಶೋಕನ ಬಹುತೇಕ ಶಾಸನಗಳಲ್ಲಿ ಅವನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದೇ ಕರೆದಿರುವುದರಿಂದ, ಆ ದೊರೆ ಅಶೋಕನೇ ಎಂದು ಶಾಸನದಿಂದಲೇ ಖಚಿತವಾದದ್ದು 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಾಗ. ಅಶೋಕ ಎಂಬ ಹೆಸರು ಕೊರೆದಿರುವ ಸಣ್ಣ ಬಂಡೆಶಾಸನಗಳು ನಾಲ್ಕೇ ಊರಿನಲ್ಲಿವೆ: ಮಧ್ಯಪ್ರದೇಶದ ಗುಜರ್ರಾ, ನಮ್ಮ ಮಸ್ಕಿ, ನಿಟ್ಟೂರು, ಉಡೇಗೋಳ. ನಾಲ್ಕರಲ್ಲಿ ಮೂರು ಕರ್ನಾಟಕದವು, ಮೂರರಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನವು. ಇದನ್ನು ಜಿಲ್ಲೆಯ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಬೇಕು.

“ಅಣ್ಣಾ, ಶಾಸನ ನೋಡಾಕ ಬಂದೀರೇನು?” ಎಂದು ಹುಡುಗನೊಬ್ಬ ಸೈಕಲ್ ಹಿಂದೆ ಓಡಿ ಬಂದು ದಾರಿ ತೋರಿಸಿದ. ಸವೆದ ಅಕ್ಷರಗಳು ಓರೆ ಬಿಸಿಲಿನಲ್ಲಿ ಮೆಲ್ಲಗೆ ಎದ್ದು ಕಂಡವು. ಉಪಾಸಕನಾದ ಮೊದಮೊದಲು ನನ್ನ ಪ್ರಯತ್ನ ಸಾಲದಾಗಿತ್ತು, ಸಂಘದ ಹತ್ತಿರ ಬಂದ ಮೇಲೆ ಶ್ರಮಪಟ್ಟೆ ಎಂಬುದು ಈ ಶಾಸನದ ಸಾರ. ಅದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ ಎಂದೂ ದೊರೆ ಸಾರಿದ್ದಾನೆ. ತನ್ನ ಕೊರತೆಯನ್ನು ತಾನೇ ಬಂಡೆಯ ಮೇಲೆ ಬರೆಸಿದ ಅರಸರು ಎಷ್ಟು ಜನ? ಇದೇ ಶಾಸನದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಪ್ರತಿಯ ಕೊನೆಯಲ್ಲಿ 256 ಎಂಬ ಸಂಖ್ಯೆಯಿದೆ. ಅದು ಅಶೋಕ ಯಾತ್ರೆಯಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಮನೆ ಬಿಟ್ಟು ಎರಡು ರಾತ್ರಿ ಕಳೆದ ನಮಗೆ ಆ ಲೆಕ್ಕ ಮೈಗೆ ತಾಗಿತು. ಅರಮನೆಯಲ್ಲಿ ಕೂತು ಹೇಳಿದ ಮಾತಲ್ಲ ಇದು, ದಾರಿಯಲ್ಲಿ ನಡೆಯುತ್ತ ಹೇಳಿದ್ದು. ಅದನ್ನು ಕಾಣಲು ಕಾರಿನಲ್ಲಿ ಬಂದು ಇಳಿಯುವುದಕ್ಕಿಂತ ಬೆವರಿ ಬರುವುದೇ ತಕ್ಕದ್ದು.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ತಲಾ ಎರಡು ಹೆಚ್ಚಿನ ಟ್ಯೂಬು, ಪಂಕ್ಚರ್ ಸೊಲ್ಯೂಷನ್, ಕೈಪಂಪು, ಮೂರು ಲೀಟರ್ ನೀರು ಇರಲಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಫೋಟೊಗೆಂದು ಅವುಗಳ ಮೇಲೆ ಸೀಮೆಸುಣ್ಣ ಬಳಿಯಬೇಡಿ, ನೀರು ಹೊಯ್ಯಬೇಡಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.