ಹಸುಗೂಸಿನ ಬಾಯಿಗೆ ರಬ್ಬರು ತೊಟ್ಟು: ಕೊಡಬೇಕೆ, ಬೇಡವೆ?

ರಾತ್ರಿ ಹಾಲು ಕುಡಿದು ನಗುನಗುತ್ತ ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಉಸಿರಿಲ್ಲದೆ ಬಿದ್ದಿರುವುದನ್ನು ಕಾಣುವುದಕ್ಕಿಂತ ಘೋರವಾದ ಸಂಕಟವು ತಂದೆತಾಯಿಗಳಿಗೆ ಬೇರೊಂದಿರಲಾರದು. ಜ್ವರವಿಲ್ಲ, ಗಾಯವಿಲ್ಲ; ಶವಪರೀಕ್ಷೆ ನಡೆಸಿದರೂ ಕಾರಣ ತಿಳಿಯುವುದಿಲ್ಲ. ಇಂಗ್ಲೆಂಡಿನ ಜನರು ಇದನ್ನು ‘ತೊಟ್ಟಿಲ ಮರಣ’ವೆಂದು ಕರೆಯುತ್ತ ಬಂದಿದ್ದಾರೆ. 1969ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನೆರೆದ ವೈದ್ಯ ಸಮ್ಮೇಳನವು ಇದಕ್ಕೊಂದು ಶಾಸ್ತ್ರೀಯವಾದ ಹೆಸರನ್ನೂ ಲಕ್ಷಣವನ್ನೂ ನಿಶ್ಚಯಿಸಿತು. ವರ್ಷ ತುಂಬದ ಶಿಶುಗಳಲ್ಲಿ, ಅದರಲ್ಲಿಯೂ ಎರಡರಿಂದ ನಾಲ್ಕು ತಿಂಗಳಿನವುಗಳಲ್ಲಿ, ಈ ವಿಪತ್ತು ಹೆಚ್ಚು.

ಈ ವಿಪತ್ತನ್ನು ತಡೆಯಲು ಮಲಗುವ ಕೂಸಿನ ಬಾಯಿಗೆ ಹಾಲಿಲ್ಲದ ರಬ್ಬರು ತೊಟ್ಟನ್ನು ಕೊಡುವುದೊಳ್ಳೆಯದೆಂದು ಪಾಶ್ಚಾತ್ಯ ವೈದ್ಯರು ಇಂದು ಹೇಳುತ್ತಾರೆ. ಇಂಗ್ಲೆಂಡಿನವರಿಗೆ ಇದು ‘ಡಮ್ಮಿ’, ಅಮೆರಿಕದವರಿಗೆ ‘ಪ್ಯಾಸಿಫಯರ್’. ನಮ್ಮ ಅಂಗಡಿಗಳಲ್ಲಿ ಬರಿಯ ‘ನಿಪ್ಪಲ್’. ಮಗಳ ಬಾಣಂತನಕ್ಕೆಂದು ಮುಂಬಯಿಯಿಂದಲೋ ಪುಣೆಯಿಂದಲೋ ಲಂಡನ್ನಿಗೆ ಹೋಗುವ ನಮ್ಮ ತಾಯಂದಿರು ಅಲ್ಲಿಯ ದಾದಿಯ ಬಾಯಿಂದ ಈ ಮಾತನ್ನು ಕೇಳಿ ಬೆರಗಾಗುವುದು ಸಹಜ. ಅಳುವ ಮಗುವನ್ನು ಎತ್ತಿಕೊಳ್ಳದೆ ಬಾಯಿಗೆ ರಬ್ಬರು ತುರುಕುವುದು ಸೋಮಾರಿತನವೆಂದೇ ಅವರು ತಿಳಿದಿರುವರು. ಹಾಗಾದರೆ ಅಜ್ಜಿಯ ಮಾತು ದಿಟವೋ, ದಾದಿಯ ಮಾತು ದಿಟವೋ? ಆವೇಶವಿಲ್ಲದೆ ವಿಚಾರಿಸಿ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ತೊಟ್ಟಿಲ ಮರಣದ ಹಾವಳಿ ವಿಪರೀತವಾಗಿದ್ದ ನ್ಯೂಜಿಲೆಂಡಿನಲ್ಲಿ 1987ರಿಂದ 1990ರವರೆಗೆ ದೇಶವ್ಯಾಪಿಯಾದ ಒಂದು ಸಮೀಕ್ಷೆ ನಡೆಯಿತು. ಹೀಗೆ ಸತ್ತ 485 ಶಿಶುಗಳನ್ನು ಬದುಕಿದ್ದ 1800 ಶಿಶುಗಳೊಡನೆ ಹೋಲಿಸುವುದು ಅದರ ಕ್ರಮ. ಕೊನೆಯ ನಿದ್ದೆಗೆ ಜಾರುವಾಗ ಬಾಯಲ್ಲಿ ಡಮ್ಮಿ ಇದ್ದ ಕೂಸುಗಳಿಗೆ ಅಪಾಯವು ಅರ್ಧಕ್ಕಿಂತಲೂ ಕಡಿಮೆಯಾಗಿತ್ತೆಂದು ಆ ಸಮೀಕ್ಷೆಯ ಪಂಡಿತರು 1993ರಲ್ಲಿ ಪ್ರಕಟಿಸಿದರು. ಬಳಿಕ ಬೇರೆ ದೇಶಗಳಲ್ಲಿಯೂ ಇಂಥದೇ ಫಲ ಬಂದಿತು. 2005ರಲ್ಲಿ ಏಳು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ವಿದ್ವಾಂಸರು, 2733 ಶಿಶುಗಳಿಗೆ ಮಲಗುವಾಗ ಡಮ್ಮಿ ಕೊಟ್ಟರೆ ಒಂದು ಜೀವ ಉಳಿದೀತೆಂದು ಲೆಕ್ಕ ಹಾಕಿದರು. ಅದೇ ವರ್ಷ ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ಡಮ್ಮಿಯ ಬಳಕೆಯನ್ನು ತನ್ನ ಸೂಚನೆಗಳಲ್ಲಿ ಸೇರಿಸಿಕೊಂಡಿತು.

ಇಷ್ಟನ್ನೇ ಕೇಳಿದವರು ಕೂಡಲೇ ಅಂಗಡಿಗೆ ಓಡಿಯಾರು. ಆದರೆ ಇಂಗ್ಲೆಂಡಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯನ್ನೂ ನೋಡಬೇಕು. ಅಲ್ಲಿ ಸತ್ತ ಶಿಶುಗಳಲ್ಲಿ ನೂರಕ್ಕೆ 40ಕ್ಕೆ ಆ ಕೊನೆಯ ನಿದ್ದೆಯಲ್ಲಿ ಡಮ್ಮಿ ಕೊಟ್ಟಿದ್ದರು. ಬದುಕಿದ ಶಿಶುಗಳಲ್ಲಿ ನೂರಕ್ಕೆ 51ಕ್ಕೆ ಕೊಟ್ಟಿದ್ದರು. ಅಂತರವೇನೋ ಸ್ಪಷ್ಟ. ಆದರೆ ರಾತ್ರಿಯ ನಿದ್ದೆಯಲ್ಲಿ ಎಂದಾದರೂ ಡಮ್ಮಿ ಬಳಸಿದವುಗಳನ್ನು ಎಣಿಸಿದಾಗ ಎರಡು ಗುಂಪುಗಳಲ್ಲಿಯೂ ನೂರಕ್ಕೆ 61 ಎಂಬ ಒಂದೇ ಸಂಖ್ಯೆ ಬಂದಿತು! ಹಾಗಿದ್ದರೆ ಕಾಪಾಡಿದ್ದು ಡಮ್ಮಿಯೋ, ಅಥವಾ ಅದನ್ನು ಕೊಡದೆ ಬಿಟ್ಟ ಆ ಒಂದು ರಾತ್ರಿಯಲ್ಲಿ ಬೇರೇನಾದರೂ ಹೆಚ್ಚುಕಡಮೆ ನಡೆದಿತ್ತೋ? ಕೂಸಿಗೆ ಮೈ ಸರಿಯಿಲ್ಲದಿದ್ದಿರಬಹುದು. ಮನೆಯ ನಿತ್ಯಕ್ರಮ ತಪ್ಪಿದ್ದಿರಬಹುದು. ಲೆಕ್ಕವು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ.

ಡಮ್ಮಿ ಹೇಗೆ ರಕ್ಷಿಸುತ್ತದೆಂಬ ವಿಷಯದಲ್ಲಿಯೂ ಊಹೆಗಳೇ ಹೆಚ್ಚು. ಚೀಪುವ ಕೂಸು ಗಾಢನಿದ್ರೆಗಿಳಿಯದೆ ಬೇಗ ಎಚ್ಚರಗೊಳ್ಳುತ್ತದೆಂಬುದು ಒಂದು ವಾದ. ನಾಲಿಗೆ ಮುಂದಕ್ಕೆ ಬಂದು ಶ್ವಾಸಮಾರ್ಗ ತೆರೆದಿರುತ್ತದೆಂಬುದು ಇನ್ನೊಂದು. ಆದರೆ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಡಮ್ಮಿ ಹೆಚ್ಚಿನ ಕೂಸುಗಳ ಬಾಯಿಂದ ಜಾರಿ ಬೀಳುತ್ತದೆ. ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ಫಲವನ್ನು ಕಾಯುವ ನಿಯತವಾದ ಪ್ರಯೋಗವನ್ನು ಈ ವಿಷಯದಲ್ಲಿ ಯಾರೂ ನಡೆಸಿಲ್ಲವೆಂದು 2017ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ತಿಳಿಸಿದರು.

ಇತಿಹಾಸದ ಎಚ್ಚರಿಕೆ

ಪ್ರಮಾಣವು ಪೂರ್ಣವಾಗುವ ತನಕ ಸುಮ್ಮನಿರೋಣವೆ? ಈ ಪ್ರಶ್ನೆಗೆ ಇತಿಹಾಸವು ಎರಡು ಕಡೆಯಿಂದಲೂ ಉತ್ತರ ಕೊಡುತ್ತದೆ. ಕೋಟ್ಯಂತರ ತಾಯಂದಿರು ನಂಬಿದ ಅಮೆರಿಕದ ಶಿಶುವೈದ್ಯ ಬೆಂಜಮಿನ್ ಸ್ಪಾಕ್ ಅವರು, ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತೆಂದು ತರ್ಕಿಸಿ, 1950ರ ದಶಕದ ಉತ್ತರಾರ್ಧದಿಂದ ತಮ್ಮ ಗ್ರಂಥದಲ್ಲಿ ಬೋರಲು ಮಲಗಿಸುವುದೇ ಲೇಸೆಂದು ಬೋಧಿಸಿದರು. ತರ್ಕವು ಸೊಗಸಾಗಿತ್ತು, ಆದರೆ ಅದಕ್ಕೆ ಪರೀಕ್ಷೆಯ ಆಧಾರವಿರಲಿಲ್ಲ. ಬೋರಲು ಮಲಗುವುದೇ ತೊಟ್ಟಿಲ ಮರಣಕ್ಕೆ ದೊಡ್ಡ ದಾರಿಯೆಂಬುದು ಆಮೇಲೆ ಬೆಳಕಿಗೆ ಬಂದಿತು. 1991ರಲ್ಲಿ ಬ್ರಿಟನ್ನಿನಲ್ಲಿ ‘ಅಂಗಾತ ಮಲಗಿಸಿರಿ’ ಎಂಬ ಪ್ರಚಾರ ಹೊರಟಾಗ ಕೆಲವೇ ವರ್ಷಗಳಲ್ಲಿ ಈ ಮರಣಗಳು ಅರ್ಧಕ್ಕಿಂತ ಕೆಳಗಿಳಿದವು. ಇದ್ದ ಪ್ರಮಾಣಗಳನ್ನು 1970ರಿಂದಲೇ ಕ್ರಮವಾಗಿ ಪರಿಶೀಲಿಸಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಉಳಿಯಬಹುದಾಗಿತ್ತೆಂದು 2005ರ ಸಂಶೋಧನೆಯೊಂದು ತಿಳಿಸಿತು.

ಇದರಿಂದ ಕಲಿಯಬೇಕಾದುದು ಎರಡು ಪಾಠ. ಆಧಾರವಿಲ್ಲದ ಸಲಹೆ ಕೊಲ್ಲಬಲ್ಲದು. ಆಧಾರವಿದ್ದೂ ತಡಮಾಡಿದರೆ ಅದೂ ಕೊಲ್ಲಬಲ್ಲದು. ಆದುದರಿಂದ ಡಮ್ಮಿಯಿಂದ ಬರುವ ಕೇಡೆಷ್ಟೆಂಬುದನ್ನೂ ತೂಗಿ ನೋಡಬೇಕು.

ಮೊದಲನೆಯದು ಎದೆಹಾಲಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳು 1989ರಲ್ಲಿ ಸಾರಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು, ಎದೆಹಾಲು ಕುಡಿಯುವ ಕೂಸಿಗೆ ಕೃತಕ ತೊಟ್ಟನ್ನು ಕೊಡಲೇಕೂಡದೆಂದು ವಿಧಿಸಿತ್ತು. 2018ರಲ್ಲಿ ಅದನ್ನು ಸಡಿಲಿಸಿ, ಅದರ ಬಳಕೆ ಮತ್ತು ಅಪಾಯಗಳನ್ನು ತಾಯಿಗೆ ತಿಳಿಯಹೇಳಬೇಕೆಂದು ತಿದ್ದಲಾಯಿತು. ಹುಟ್ಟಿದ ಹೊಸದರಲ್ಲಿ ಕೂಸಿನ ಚೀಪುವಿಕೆಯೇ ಹಾಲನ್ನು ಬರಿಸುವುದರಿಂದ, ಆ ವಾರಗಳಲ್ಲಿ ರಬ್ಬರನ್ನು ಚೀಪಿಸುವುದು ಜಾಣತನವಲ್ಲ. ಎರಡನೆಯದು ಕಿವಿನೋವು. ಡಮ್ಮಿಯ ಬಳಕೆಯನ್ನು ಮಿತಗೊಳಿಸುವಂತೆ ತಂದೆತಾಯಿಗಳಿಗೆ ತಿಳಿಹೇಳಿದಾಗ ಮಕ್ಕಳ ಕಿವಿಯ ಸೋಂಕು ನೂರಕ್ಕೆ 29ರಷ್ಟು ಇಳಿದುದನ್ನು ಫಿನ್ಲೆಂಡಿನ ವೈದ್ಯರು 2000ದಲ್ಲಿ ಪ್ರಕಟಿಸಿದರು. ಮೂರನೆಯದು ಶುಚಿತ್ವ. ನೆಲಕ್ಕೆ ಬಿದ್ದ ತೊಟ್ಟನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗಿಟ್ಟರೆ ಅದರೊಡನೆ ಭೇದಿಯ ರೋಗಾಣುವೂ ಒಳಹೊಗುತ್ತದೆ.

ನಮ್ಮ ಮನೆಗಳ ಮಾತು

ಇಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫೋರ್ಡ್ ಪಟ್ಟಣದ ಅನುಭವವನ್ನು ನೆನೆಯುವುದು ಯುಕ್ತ. ದಕ್ಷಿಣ ಏಷ್ಯದಿಂದ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿದ ಕುಟುಂಬಗಳಲ್ಲಿ ತೊಟ್ಟಿಲ ಮರಣವು ಅಲ್ಲಿಯ ಬಿಳಿಯರ ಕುಟುಂಬಗಳಿಗಿಂತ ಕಡಿಮೆ. ಇದಕ್ಕೆ ಕಾರಣವೇನೆಂದು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಂಡುಬಂದುದು ಕುತೂಹಲಕರವಾಗಿದೆ. ಪಾಕಿಸ್ತಾನಿ ಮೂಲದ ತಾಯಂದಿರು ಡಮ್ಮಿಯನ್ನು ಬಿಳಿಯ ತಾಯಂದಿರಿಗಿಂತ ಕಡಿಮೆ ಬಳಸುತ್ತಿದ್ದರು! ಆದರೆ ಅವರ ಮನೆಗಳಲ್ಲಿ ಹೊಗೆಸೊಪ್ಪಿನ ಸೋಂಕು ಕಡಿಮೆ, ಮದ್ಯದ ಬಳಕೆ ಕಡಿಮೆ, ಎದೆಹಾಲು ಹೆಚ್ಚು. ಕೂಸನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವ ಪದ್ಧತಿಯೂ ವಿರಳ. ಡಮ್ಮಿಯಿಲ್ಲದೆಯೂ ಕೂಸನ್ನು ಕಾಯುವ ಹಿರಿಯ ಉಪಾಯಗಳುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ, ತಾಯಿ, ಕೂಸು ಕೂಡಿ ಮಲಗುವ ನಮ್ಮ ಮಹಾನಗರದ ಸಂಸಾರಗಳಲ್ಲಿ ಈ ಕಾವಲು ತಾನಾಗಿಯೇ ಒದಗುತ್ತದೆ. ಭಾರತದಲ್ಲಿ ಶಿಶುಗಳನ್ನು ಹೆಚ್ಚಾಗಿ ಕೊಂಡೊಯ್ಯುವ ಶತ್ರುಗಳೂ ಬೇರೆ. ದಿನ ತುಂಬದ ಜನನ, ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ, ಫುಪ್ಫುಸದ ಉರಿಯೂತ, ಸೋಂಕು, ಭೇದಿ ಇವು ಮುಖ್ಯ. ಇವುಗಳಲ್ಲಿ ಸೋಂಕು, ಭೇದಿಗಳಿಗೆ ಎದೆಹಾಲೇ ಕವಚ. ಆ ಕವಚಕ್ಕೆ ಧಕ್ಕೆ ತಂದು ಡಮ್ಮಿಯನ್ನು ಆಶ್ರಯಿಸುವುದು ದೀಪವಾರಿಸಿ ಮಿಂಚುಹುಳುವನ್ನು ಹುಡುಕಿದಂತಾದೀತು.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಕೂಸನ್ನು ಅಂಗಾತವಾಗಿಯೇ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ. ತಲೆದಿಂಬೂ ದಪ್ಪ ಹೊದಿಕೆಯೂ ಬೇಡ. ಮೊದಲ ಆರು ತಿಂಗಳು ತಾಯಿಯ ಕೋಣೆಯಲ್ಲಿಯೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಲಿ. ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಸುಳಿಯಕೂಡದು. ಇವೆಲ್ಲವೂ ನೆರವೇರಿದ ಮೇಲೆ ಡಮ್ಮಿಯ ಸರದಿ. ಎದೆಹಾಲು ಚೆನ್ನಾಗಿ ನೆಲೆಗೊಂಡ ಬಳಿಕ, ಅಂದರೆ ಸುಮಾರು ನಾಲ್ಕು ವಾರ ಕಳೆದ ಮೇಲೆ, ಮಲಗಿಸುವಾಗ ಮಾತ್ರ ಕೊಡಬಹುದು. ಕೂಸು ಒಲ್ಲೆನೆಂದರೆ ಒತ್ತಾಯ ಬೇಡ. ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ಇಡಬೇಕಾಗಿಲ್ಲ. ಬಳಸುವವರು ಆರರಿಂದ ಹನ್ನೆರಡು ತಿಂಗಳೊಳಗೆ ಬಿಡಿಸುವುದು ಲೇಸು. ದಾರ ಕಟ್ಟಿ ಕೊರಳಿಗೆ ತೂಗಹಾಕುವುದು ಸರ್ವಥಾ ಕೂಡದು, ಅದು ಉರುಳಾಗಬಲ್ಲದು. ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸುವ ರೂಢಿಯವರು ಡಮ್ಮಿಗೂ ಜೇನು ಸವರಿಯಾರು. ವರ್ಷ ತುಂಬದ ಕೂಸಿಗೆ ಜೇನಿನಲ್ಲಿ ಅಡಗಿರಬಹುದಾದ ರೋಗಾಣುಗಳು ಪ್ರಾಣಾಂತಕವಾಗಬಲ್ಲವೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಅಜ್ಜಿಗೂ ದಾದಿಗೂ ಜಗಳ ಉಳಿಯುವುದಿಲ್ಲ. ದಾದಿಯು ಹೇಳುವುದರಲ್ಲಿ ಸತ್ಯಾಂಶವಿದೆ. ಅಜ್ಜಿಯು ಎತ್ತಿಕೊಂಡು ತಟ್ಟಿ ಮಲಗಿಸುವುದರಲ್ಲಿ ಪ್ರೀತಿಯೂ ಎಚ್ಚರವೂ ಇವೆ. ಉಳಿದುದು ಒಂದೇ ಮಾತು. ಎಲ್ಲ ಎಚ್ಚರಿಕೆಗಳನ್ನು ಪಾಲಿಸಿದ ಮನೆಯಲ್ಲಿಯೂ ಈ ವಿಪತ್ತು ಎಂದೋ ಒಮ್ಮೆ ಎರಗುವುದುಂಟು. ಆಗ ಕೂಸನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ‘ನೀನು ಡಮ್ಮಿ ಕೊಡಲಿಲ್ಲವೆ?’ ಎಂದು ಯಾರೂ ಕೇಳದಿರಲಿ. ವಿಜ್ಞಾನವೇ ಕಾರಣವನ್ನು ನಿಶ್ಚಯಿಸಲಾರದ ಕಡೆ ಬಂಧುಗಳು ಅಪರಾಧವನ್ನು ನಿಶ್ಚಯಿಸುವುದು ಕ್ರೌರ್ಯವಲ್ಲದೆ ಮತ್ತೇನು?