ಬಿಡುವುದು ಮತ್ತು ಕೈಬಿಡುವುದು: ಅನಿತ್ಯತತ್ತ್ವದ ಎರಡು ನೆಲೆಗಳು

ಕನ್ನಡದ ‘ಬಿಡು’ ಎಂಬ ಧಾತುವಿನಿಂದ ‘ಬಿಡುಗಡೆ’ ಎಂಬ ಪದವೂ ಬಂದಿದೆ, ‘ಕೈಬಿಡು’ ಎಂಬ ಪದವೂ ಬಂದಿದೆ. ಮೊದಲನೆಯದು ಬಂಧನದಿಂದ ಪಾರಾಗುವುದನ್ನು ಸೂಚಿಸಿದರೆ, ಎರಡನೆಯದು ಹೊಣೆಯಿಂದ ಹಿಂದೆಗೆಯುವುದನ್ನು ಸೂಚಿಸುತ್ತದೆ. ಎಲ್ಲವೂ ಅನಿತ್ಯ, ಆದುದರಿಂದ ಅಂಟಿಕೊಳ್ಳಬಾರದು ಎಂಬ ಬೌದ್ಧ ಬೋಧನೆಯನ್ನು ವಿವರಿಸುವಾಗ ಈ ಎರಡು ಅರ್ಥಗಳು ಹಲವು ವೇಳೆ ಬೆರೆತುಹೋಗುತ್ತವೆ. ಅವುಗಳ ಅಂತರವನ್ನು ಕೊಗನೊಳ್ಳಿ, ನಿಪ್ಪಾಣಿ, ಭೋಜ, ಸದಲಗಾ ಪರಿಸರದ ನಿದರ್ಶನಗಳ ಮೂಲಕ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1

ಪಾಲಿಯ ‘ಅನಿಚ್ಚ’ ಎಂಬುದೇ ಸಂಸ್ಕೃತದ ‘ಅನಿತ್ಯ’. ಕಾರಣಗಳಿಂದ ಉಂಟಾದುದೆಲ್ಲವೂ ಆ ಕಾರಣಗಳು ತೀರಿದೊಡನೆ ಇಲ್ಲವಾಗುತ್ತದೆ ಎಂಬುದು ಇದರ ತಿರುಳು. ಇಲ್ಲಿ ದುಃಖಕ್ಕೆ ಮೂಲ ವಸ್ತುವಿನ ನಾಶವಲ್ಲ; ಅದು ನಾಶವಾಗಬಾರದೆಂಬ ತೃಷ್ಣೆ. ಆದಕಾರಣ ಬೌದ್ಧ ಮಾರ್ಗದಲ್ಲಿ ಬಿಡಬೇಕಾದುದು ವಸ್ತುವನ್ನಲ್ಲ, ಅದರ ಮೇಲಿನ ಹಿಡಿತವನ್ನು.

ಕಣ್ಣೆದುರಿಗೇ ಇರುವ ಅನಿತ್ಯತೆ ನಮಗೆ ಏಕೆ ಕಾಣುವುದಿಲ್ಲ? ಕ್ರಿ.ಶ. 5ನೆಯ ಶತಮಾನದ ಬುದ್ಧಘೋಷನು ‘ವಿಶುದ್ಧಿಮಗ್ಗ’ದಲ್ಲಿ ಇದಕ್ಕೆ ಉತ್ತರ ಕೊಡುತ್ತಾನೆ. ‘ಸಂತತಿ’, ಅಂದರೆ ಎಡೆಬಿಡದ ಮುಂದುವರಿಕೆಯ ತೋರಿಕೆ, ಅನಿತ್ಯವನ್ನು ಮರೆಮಾಡುತ್ತದೆ. ಇದಕ್ಕೆ ಸಮಾನವಾದ ಕಾವ್ಯರೂಪವು ಕನ್ನಡದಲ್ಲಿಯೇ ದೊರೆಯುತ್ತದೆ. ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ನೀಲಾಂಜನೆಯ ಆಯುಷ್ಯವು ನೃತ್ಯದ ನಡುವೆಯೇ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಪುರುದೇವನೊಬ್ಬನಿಗೆ ತಿಳಿಯುತ್ತದೆ, ಆತ ವಿರಕ್ತನಾಗುತ್ತಾನೆ. ಪಂಪನು ಜೈನ ಕವಿಯಾದರೂ ನೃತ್ಯದ ಸಂತತಿಯು ಸಾವನ್ನು ಮುಚ್ಚಿದ ಈ ಪ್ರಸಂಗವು ಬುದ್ಧಘೋಷನ ಮಾತಿಗೆ ಒಳ್ಳೆಯ ವ್ಯಾಖ್ಯಾನವೂ ಆಗಬಲ್ಲದು.

2

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಅನಿತ್ಯದ ಚಿಂತನೆ ಹೆಚ್ಚಾಗಿ ಜೈನ ಪರಂಪರೆಯ ಮೂಲಕ ಉಳಿದು ಬಂದಿದೆ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯಾನುಪ್ರೇಕ್ಷೆ. ಆದರೆ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಜೈನ ದರ್ಶನದಲ್ಲಿ ಪರ್ಯಾಯಗಳು ಬದಲಾಗುತ್ತವೆ, ದ್ರವ್ಯ ಉಳಿಯುತ್ತದೆ. ದೇಹ ಹೋದರೂ ಜೀವ ನಿತ್ಯ. ಬೌದ್ಧರು ಅಂತಹ ನಿತ್ಯವಾದ ಆತ್ಮವನ್ನೇ ಒಪ್ಪುವುದಿಲ್ಲ. ಬುದ್ಧನು ಕಠೋರ ಉಪವಾಸವನ್ನು ತೊರೆದು ಮಧ್ಯಮ ಮಾರ್ಗ ಹಿಡಿದವನು. ಸಲ್ಲೇಖನವು ಅವನ ಮಾರ್ಗವಲ್ಲ.

ಈ ಭೇದವಿದ್ದರೂ ‘ಬಿಡುವ’ ಕ್ರಮವನ್ನು ಅರಿಯಲು ಎರಡು ಜೈನ ನಿದರ್ಶನಗಳು ನೆರವಾಗುತ್ತವೆ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872-1955) 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟವರು. ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಮಂದವಾಯಿತು. ನೆಲವನ್ನು ನೋಡಿ ಹೆಜ್ಜೆಯಿಡಲಾಗದಿದ್ದರೆ ಕಾಲಡಿಯ ಜೀವಿಗಳ ರಕ್ಷಣೆ ಸಾಧ್ಯವಿಲ್ಲ. ಅಹಿಂಸಾವ್ರತಕ್ಕೆ ದೇಹವು ಒದಗದಾದಾಗ ಅವರು ವ್ರತವನ್ನು ಉಳಿಸಿಕೊಂಡು ದೇಹವನ್ನು ಬಿಡಲು ನಿಶ್ಚಯಿಸಿದರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದರು.

ಎರಡನೆಯ ನಿದರ್ಶನ ಪದವಿಯನ್ನು ಬಿಟ್ಟುದಕ್ಕೆ ಸಂಬಂಧಿಸಿದುದು. ಸದಲಗಾದಲ್ಲಿ 1946ರಲ್ಲಿ ಜನಿಸಿದ ವಿದ್ಯಾಸಾಗರರಿಗೆ ಅವರ ಗುರು ಜ್ಞಾನಸಾಗರರು 1972ರಲ್ಲಿ ರಾಜಸ್ಥಾನದ ನಸೀರಾಬಾದಿನಲ್ಲಿ ಆಚಾರ್ಯಪದವಿಯನ್ನು ಒಪ್ಪಿಸಿ, ಶಿಷ್ಯನ ಮಾರ್ಗದರ್ಶನದಲ್ಲಿಯೇ ಸಲ್ಲೇಖನ ಕೈಗೊಂಡರು. ವಿದ್ಯಾಸಾಗರರೂ ಕೊನೆಯಲ್ಲಿ ಆಚಾರ್ಯಪದವನ್ನು ತ್ಯಜಿಸಿ 2024ರ ಫೆಬ್ರವರಿ 18ರಂದು ಡೊಂಗರಗಢದಲ್ಲಿ ದೇಹ ಬಿಟ್ಟರು. ಪ್ರಾಣಕ್ಕಿಂತ ಮೊದಲು ಅಧಿಕಾರವನ್ನು ಬಿಡುವ ಈ ಕ್ರಮವು ವಿಶೇಷವಾಗಿ ಗಮನಾರ್ಹ. ಇಲ್ಲಿ ಯಾವುದನ್ನೂ ಕೈಬಿಟ್ಟಿಲ್ಲ. ಹೊಣೆಯನ್ನು ಇನ್ನೊಬ್ಬರ ಕೈಗೆ ಸೇರಿಸಿದ ಮೇಲೆಯೇ ಹಿಡಿತ ಸಡಿಲಿಸಲಾಗಿದೆ.

3

ಈಗ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಬಿಡಲು ಮೊದಲು ಏನಾದರೂ ಕೈಯಲ್ಲಿರಬೇಕಲ್ಲವೆ? ಕೆರೆಯ ನೀರು, ದೇಗುಲದ ಬಾಗಿಲು, ಶಾಲೆಯ ಹಲಗೆ ಇವೆಲ್ಲವೂ ನಿರಾಕರಿಸಲ್ಪಟ್ಟವನಿಗೆ ‘ಎಲ್ಲವೂ ಅನಿತ್ಯ, ಸಹಿಸಿಕೋ’ ಎಂದರೆ ಅದು ಬೋಧನೆಯಾಗುವುದಿಲ್ಲ, ಕೈಬಿಡುವಿಕೆಯಾಗುತ್ತದೆ.

ಈ ಪ್ರಶ್ನೆಗೂ ಇದೇ ನೆಲದಲ್ಲಿ ಉತ್ತರದ ಎಳೆಯಿದೆ. ಕೊಲ್ಹಾಪುರ ಸಂಸ್ಥಾನದ ಮಾಣಗಾವಿನಲ್ಲಿ 1920ರಲ್ಲಿ ಶಾಹೂ ಮಹಾರಾಜರ ಸಮ್ಮುಖದಲ್ಲಿ ಪರಿಷತ್ತನ್ನು ನಡೆಸಿದ ಡಾ. ಬಿ.ಆರ್. ಅಂಬೇಡ್ಕರರು, 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಅಲ್ಲಿಂದ 1956ರ ಅಕ್ಟೋಬರ್ 14ರ ನಾಗಪುರದ ಧಮ್ಮದೀಕ್ಷೆಯವರೆಗಿನ ಮೂರು ದಶಕಗಳ ನಡಿಗೆಯೂ ಒಂದು ‘ಬಿಡುವ’ ಕ್ರಮವೇ ಆಗಿದೆ. ಆದರೆ ಅವರು ಬಿಟ್ಟುದು ಹಕ್ಕುಗಳನ್ನಲ್ಲ, ಹುಟ್ಟಿನೊಡನೆ ಹೇರಲಾದ ಗುರುತನ್ನು.

ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಅನಿತ್ಯತತ್ತ್ವವನ್ನು ವಿವರಿಸುತ್ತ, ಆಸ್ತಿ, ಸ್ನೇಹ ಮೊದಲಾದವುಗಳಿಗೆ ಅಂಟಿಕೊಳ್ಳದಿರುವುದೇ ಅದರ ನೀತಿ ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ಶೂನ್ಯತೆಯೆಂದರೆ ಕ್ಷಣಕ್ಷಣದ ಪರಿವರ್ತನೆಯೆಂದೂ ಅದರಿಂದಲೇ ಎಲ್ಲವೂ ಸಾಧ್ಯವಾಗುತ್ತದೆಯೆಂದೂ ಪ್ರತಿಪಾದಿಸುತ್ತಾರೆ. ಇದರ ಫಲಿತಾರ್ಥ ದೊಡ್ಡದು. ಕಾರಣಗಳಿಂದ ಉಂಟಾದುದೆಲ್ಲವೂ ಅನಿತ್ಯವಾದರೆ, ಮನುಷ್ಯರು ಕಟ್ಟಿದ ಜಾತಿಯೂ ಅನಿತ್ಯವೇ. ನಿತ್ಯವೆಂದು ನಂಬಿಸಲಾದ ಮೇಲುಕೀಳಿಗೂ ಸಂತತಿಯ ಮುಸುಕೇ ಆಧಾರ.

4

ಒಟ್ಟಿನಲ್ಲಿ, ಅನಿತ್ಯದ ಅರಿವು ಎರಡು ಕಡೆಗೆ ಕೆಲಸ ಮಾಡುತ್ತದೆ. ಉಳ್ಳವನಿಗೆ ಅದು ಹಿಡಿತವನ್ನು ಸಡಿಲಿಸೆಂದು ಹೇಳುತ್ತದೆ. ತುಳಿತಕ್ಕೊಳಗಾದವನಿಗೆ ಈ ಸ್ಥಿತಿ ಶಾಶ್ವತವಲ್ಲವೆಂಬ ಧೈರ್ಯ ಕೊಡುತ್ತದೆ. ಮಗನನ್ನೋ ಹೊಲವನ್ನೋ ಕಳೆದುಕೊಂಡವರ ಎದುರು ನಿಂತಾಗಲೂ ಈ ವಿವೇಕ ಅಗತ್ಯ. ಅವರ ಅಳು ಮುಗಿಯುವ ಮೊದಲೇ ಅನಿತ್ಯವನ್ನು ಬೋಧಿಸುವುದು ಕೈಬಿಡುವುದಾಗುತ್ತದೆ. ಜೊತೆಗೆ ಕುಳಿತು, ಅವರ ಹೊಣೆಯಲ್ಲಿ ಪಾಲು ಪಡೆದರೆ ಬಿಡುಗಡೆಗೆ ಎಡೆಯುಂಟಾಗುತ್ತದೆ. ಬೌದ್ಧ ಪರಂಪರೆಯು ಅನಿತ್ಯವನ್ನು ಕರುಣೆಯಿಂದ ಬೇರ್ಪಡಿಸದೆ ಹೇಳಿದುದರ ಮಹತ್ತ್ವ ಇಲ್ಲಿಯೇ ಇದೆ ಎನ್ನಬಹುದು.