ಕೊಳವೆಯ ನಾಡಿ ಹಿಡಿಯುವ ಕೇಳದ ಸದ್ದು

ನಮ್ಮ ಹುಲಗೂರು ಸೀಮೆಯ ಸಂತೆಗಳಲ್ಲಿ ಗಡಿಗೆ ಕೊಳ್ಳುವವರು ಮೊದಲು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಸದ್ದು ಒಡಕಾದರೆ ಬಿರುಕಿದೆಯೆಂದೇ ಅರ್ಥ. ನಗರಗಳ ನೆಲದಡಿಯ ಉಕ್ಕಿನ ಕೊಳವೆಗಳನ್ನೂ ಕತ್ತರಿಸದೆ ಸದ್ದಿನಿಂದಲೇ ಪರೀಕ್ಷಿಸಬಹುದು.

ಇಲ್ಲಿ ಬಳಸುವುದು ಶ್ರವಣಾತೀತ ತರಂಗ; ಅಂದರೆ ಸೆಕೆಂಡಿಗೆ 20,000ಕ್ಕೂ ಹೆಚ್ಚು ಕಂಪನಗಳಿರುವ, ಕಿವಿಗೆ ಕೇಳದ ಶಬ್ದ. ಉಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6,000 ಮೀಟರ್. ಕೊಳವೆಯ ಹೊರಮೈಯಿಂದ ಕಳಿಸಿದ ತರಂಗ ಒಳಮೈಗೆ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಗೋಡೆ 6 ಮಿಲಿಮೀಟರ್ ದಪ್ಪವಿದ್ದರೆ ಹೋಗಿಬರುವ ದಾರಿ 12 ಮಿಲಿಮೀಟರ್. ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು. ಒಂದೇ ಭಾಗದಲ್ಲಿ ಮರಳಿತೇ? ಅರ್ಧ ಗೋಡೆಯನ್ನು ತುಕ್ಕು ತಿಂದಿದೆ! ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಿ.

ಆದರೆ ಹೂತ ಕೊಳವೆಯನ್ನು ಉದ್ದಕ್ಕೂ ಅಗೆಯಲಾದೀತೆ? ಬೇಕಿಲ್ಲ. ಒಂದೆಡೆ ಗುಂಡಿ ತೋಡಿ, ಕೊಳವೆಗೆ ಬಳೆಯಂತೆ ಉಪಕರಣ ತೊಡಿಸಿ, ಉದ್ದಕ್ಕೂ ತರಂಗ ಹರಿಸಿದರೆ ಹಲವು ಮೀಟರ್ ಆಚೆಯ ಸವೆತವೂ ಪ್ರತಿಧ್ವನಿಯಲ್ಲಿ ಗೊತ್ತಾಗುತ್ತದೆ. ಸುತ್ತಲಿನ ಮಣ್ಣು, ಡಾಂಬರಿನ ಲೇಪ ತರಂಗವನ್ನು ಹೀರುವುದರಿಂದ ಈ ದೂರಕ್ಕೆ ಮಿತಿಯುಂಟು.

ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಕೊಳವೆಗಳಲ್ಲೇ ಬರುತ್ತಿದೆ. ಯಾವ ಊರಿನಲ್ಲೇ ಆಗಲಿ, ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಸಣ್ಣ ತೂತೊಂದರಿಂದ ಚರಂಡಿ ನೀರು ಒಳಸೇರಿದರೆ ಕಾಮಾಲೆ, ವಾಂತಿಭೇದಿ ಮನೆ ಹೊಕ್ಕಂತೆಯೇ. ತೂತು ಬೀಳುವ ಮುನ್ನವೇ ಸವೆತವನ್ನು ಕಂಡುಕೊಳ್ಳುವುದು ಆದ್ದರಿಂದಲೇ ಮುಖ್ಯ.